ಸಹಾಯ ಬೇಕು: ತುಮಕೂರಲ್ಲಿ ಒಳಗಿನಿಂದ ಪ್ಯಾಚ್ ಹಾಕೋ ಪಂಚರ್ ಅಂಗಡಿ

ಕ್ಯಾತ್ಸಂದ್ರ, ಬಟವಾಡಿ ಅಥವಾ ಶಿರಾ ಗೇಟ್ ಕಡೆ ಬೈಕಿನ ಟ್ಯೂಬ್‌ಲೆಸ್ ಟಯರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ್ದು, ಕಾಲು ತೂತಿಗೆ ತೂರಿ ತಲೆ ಒಳಗೆ ಅಂಟೋದು) ಹಾಕೋ ಅಂಗಡಿ ಯಾರಿಗಾದ್ರೂ ಗೊತ್ತಾ?

ಹಿಂದಿನ ಚಕ್ರ, ಟಯರ್ ಸೈಜ್ 100/90-17. ಮೊಳೆ ಚುಚ್ಚಿರೋದು ನಡುವೆ, ನೆಲಕ್ಕೆ ತಾಗೋ ಜಾಗದಲ್ಲೇ. (ಪಕ್ಕದಲ್ಲಿ ತೂತಾಗಿದ್ರೆ ಪ್ಯಾಚ್ ಮಾತೇ ಇಲ್ಲ, ಹೊಸ ಟಯರೇ ಗತಿ.) ಸದ್ಯಕ್ಕೆ ದಾರದ ಪ್ಲಗ್ (ಹೊರಗಿನಿಂದ ಸೂಜಿಯಲ್ಲಿ ತೂತಿಗೆ ತುರುಕೋ ಅಂಟು ದಾರ) ಹಾಕಿ 32 ಪಿಎಸ್‌ಐ ಗಾಳಿ ತುಂಬಿದೆ, ಬೆಳಗ್ಗೆ ಹೊತ್ತಿಗೆ 24ಕ್ಕೆ ಇಳಿಯುತ್ತೆ. ಸೋಪಿನ ನೀರು ಬಿಟ್ರೆ ಪ್ಲಗ್ ಪಕ್ಕದಲ್ಲೇ ಸಣ್ಣ ಗುಳ್ಳೆ. ವಾಲ್ವ್ ಬಾಯಿಗೂ ಹಾಕಿ ನೋಡಾಯ್ತು, ಅಲ್ಲಿ ಸೋರ್ತಿಲ್ಲ. ಮೊಳೆ ಓರೆಯಾಗಿ ಹೋಗಿತ್ತು; ಅದರ ದಾರಿ ಹಿಡೀದೆ ಸೂಜಿ ನೇರಕ್ಕೆ ಚುಚ್ಚಿದ್ರೆ ಹೀಗೇ, ತೂತು ಹಿಗ್ಗಿ ಪ್ಲಗ್ ಬಿಗಿಯಾಗಿ ಕೂರಲ್ಲ. ಅದರ ಪಕ್ಕ ಇನ್ನೊಂದು ತುರುಕೋದು ಬೇಡ.

ಅಂಗಡಿ ಹೇಳೋರು ಇಷ್ಟು ತಿಳಿಸಿ: ರಿಮ್‌ಗೆ ಗೀರು ಬೀಳದ ಹಾಗೆ ಮೆಷಿನ್‌ನಲ್ಲಿ ಬಿಚ್ತಾರಾ? ಒಳಗೆ ಚೆನ್ನಾಗಿ ಉಜ್ಜಿ, ಸಲ್ಯೂಷನ್ ಅಂಟಂಟು ಆಗೋವರೆಗೂ ಕಾದು ಪ್ಯಾಚ್ ಕೂರಿಸ್ತಾರಾ? ಭಾನುವಾರ ತೆಗೆದಿರುತ್ತಾ?

"ಟ್ಯೂಬ್ ಹಾಕ್ಸಿಬಿಡಿ" ಅನ್ನೋ ಸಲಹೆ ಬೇಡ ಅಣ್ಣಂದಿರೇ. ಟ್ಯೂಬ್ ಹರಿದ್ರೆ ಗಾಳಿ ಒಂದೇ ಸಲಕ್ಕೆ ಹೋಗುತ್ತೆ, ಹೈವೇಲಿ ಬೈಕ್ ಹಿಡಿತಕ್ಕೆ ಸಿಗಲ್ಲ. ಅಂಗಡಿ ದೂರ ಆದ್ರೂ ಪರವಾಗಿಲ್ಲ, ಲಗೇಜ್ ಆಟೋದಲ್ಲಿ ಚಕ್ರ ಮಾತ್ರ ಬಿಚ್ಚಿ ತರಬಹುದು.