ಹಾಡಲು ಕುಳಿತರೆ ಬೇಸರವಾಗುತ್ತಿದೆ: ಹೀಗಾದವರು ಏನು ಮಾಡಿದಿರಿ?

ಪ್ರಶ್ನೆ (ಶಿವಮೊಗ್ಗ, ವಿನೋಬನಗರ)

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ನಲವತ್ತು ದಾಟಿದ ಮೇಲೆ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿಯಲು ಆರಂಭಿಸಿದೆ. ಸರಳೆ, ಜಂಟಿ, ಅಲಂಕಾರ ಎಂಬ ಆರಂಭದ ಸ್ವರಾಭ್ಯಾಸಗಳನ್ನೂ ಗೀತೆಗಳೆಂಬ ಚಿಕ್ಕ ಹಾಡುಗಳನ್ನೂ ಮುಗಿಸಿ ಸಂಗೀತದ ಜೂನಿಯರ್ ಪರೀಕ್ಷೆಯನ್ನೂ ಬರೆದಾಯಿತು. ಈಗ ವರ್ಣಗಳ (ಸಾಹಿತ್ಯವೂ ಸ್ವರಗಳೂ ಸೇರಿದ ದೀರ್ಘ ಅಭ್ಯಾಸ ರಚನೆಗಳ) ಪಾಠ ನಡೆಯುತ್ತಿದೆ. ಆದರೆ ಮೊದಲಿದ್ದ ಉತ್ಸಾಹ ಈಗಿಲ್ಲ. ಶ್ರುತಿಪೆಟ್ಟಿಗೆ ಹಾಕಿಕೊಂಡು ಕುಳಿತ ಸ್ವಲ್ಪ ಹೊತ್ತಿಗೇ ಗಡಿಯಾರ ನೋಡುತ್ತೇನೆ. ಪಾಠದ ದಿನ ಬಂದರೆ ತಪ್ಪಿಸಿಕೊಳ್ಳಲು ಏನಾದರೊಂದು ನೆಪ ಸಿಕ್ಕೀತೇ ಎಂದು ಮನಸ್ಸು ಹುಡುಕುತ್ತದೆ. ಗುರುಗಳು ಒಳ್ಳೆಯವರು, ಅವರ ಮೇಲೆ ದೂರಿಲ್ಲ. ಬಿಟ್ಟುಬಿಡಲು ಮನಸ್ಸೂ ಇಲ್ಲ. ಇಂಥ ಹಂತವನ್ನು ದಾಟಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ತೀರ್ಥಹಳ್ಳಿಯಿಂದ, ಸಹಕಾರ ಸಂಘದ ಉದ್ಯೋಗಿ, ಸೀನಿಯರ್‌ವರೆಗೆ ಕಲಿತವರು

ಮೇಡಂ, ನಮಸ್ಕಾರ. ವರ್ಣದ ಹಂತಕ್ಕೆ ಬಂದಾಗ ಬೇಸರವಾಗುವುದು ತಮಗೊಬ್ಬರಿಗೇ ಅಲ್ಲ, ಅದಕ್ಕೆ ಕಾರಣವೂ ಇದೆ. ಗೀತೆಗಳ ಕಾಲದಲ್ಲಿ ಆಗಾಗ ಒಂದೊಂದು ಮುಗಿದ ತೃಪ್ತಿ ಸಿಗುತ್ತಿರುತ್ತದೆ. ವರ್ಣವಾದರೆ ಪಲ್ಲವಿ, ಅನುಪಲ್ಲವಿ, ಮುಕ್ತಾಯಿಸ್ವರ, ಚರಣ, ಎತ್ತುಗಡೆ ಸ್ವರಗಳು ಎಂಬ ಭಾಗಗಳಾಗಿ ಬೆಳೆಯುತ್ತಲೇ ಹೋಗುತ್ತದೆ. ಅಷ್ಟನ್ನೂ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ ಹಾಡಬೇಕು, ಅದರ ಮೇಲೆ ಸ್ವರವನ್ನು ಅಲುಗಿಸುವ, ಜಾರಿಸುವ ಗಮಕಗಳು ಬೇರೆ. ಇದೆಲ್ಲಕ್ಕಿಂತ ಮುಖ್ಯವಾದದ್ದು, ಈ ಹೊತ್ತಿಗೆ ನಮ್ಮ ಕಿವಿ ಬೆಳೆದಿರುತ್ತದೆ, ಕಂಠ ಅಷ್ಟು ಬೆಳೆದಿರುವುದಿಲ್ಲ. ಮೊದಲು ಕೇಳಿಸದೇ ಇದ್ದ ದೋಷಗಳು ಈಗ ನಮಗೇ ಕೇಳಿಸತೊಡಗುತ್ತವೆ. ಹಿಂದಿಗಿಂತ ಚೆನ್ನಾಗಿಯೇ ಹಾಡುತ್ತಿದ್ದರೂ ಕೆಟ್ಟಿತು ಎನ್ನಿಸುವುದು ಇದರಿಂದಲೇ.

ನನಗೆ ಮೊದಲು ಉಪಯೋಗಕ್ಕೆ ಬಂದದ್ದು ಶ್ರುತಿಯ, ಅಂದರೆ ಆಧಾರ ಸ್ವರದ ಬದಲಾವಣೆ. ನಾನು ಮಕ್ಕಳ ಜೊತೆ ಕುಳಿತು ಕಲಿತವಳಾದ್ದರಿಂದ ಪಾಠದ ಶ್ರುತಿ ಬಿಳಿ ಐದು (ಹಾರ್ಮೋನಿಯಂನ ಐದನೆಯ ಬಿಳಿ ಮನೆ) ಎಂದೇ ನಿಂತುಹೋಗಿತ್ತು, ಮನೆಯಲ್ಲಿಯೂ ಅದನ್ನೇ ಇಟ್ಟುಕೊಳ್ಳುತ್ತಿದ್ದೆ. ಹೆಂಗಸರ ಕಂಠ ವಯಸ್ಸಾದಂತೆ ಸ್ವಲ್ಪ ಕೆಳಗಿಳಿಯುವುದು ಸಹಜ. ಗುರುಗಳ ಒಪ್ಪಿಗೆ ಪಡೆದು ಬಿಳಿ ನಾಲ್ಕಕ್ಕೆ ಇಳಿಸಿದ ಮೇಲೆ ತಾರಸ್ಥಾಯಿಯ ಎತ್ತರದ ಸ್ವರ ಬರುವ ಮೊದಲೇ ಹುಬ್ಬು ಗಂಟಿಕ್ಕುವುದು ನಿಂತಿತು, ಮಂದ್ರದ ಕೆಳಗಿನ ಸ್ವರಗಳಲ್ಲಿ ನನ್ನ ದನಿ ಇಷ್ಟು ತುಂಬಿದೆಯೆಂಬುದು ತಿಳಿಯಿತು. ಒಂದು ಕಟ್ಟುನಿಟ್ಟಾದ ಶ್ರುತಿಯಲ್ಲಿ ದಿನವೂ ಏದುಸಿರು ಬಿಡುವವರಿಗೆ ಸಂಗೀತ ಇಷ್ಟವಾಗಬೇಕೆಂದರೆ ಹೇಗೆ?

ಎರಡನೆಯದಾಗಿ, ಆಗ ಪಾಠದಲ್ಲಿದ್ದದ್ದು ಮೋಹನ ರಾಗದ ವರ್ಣ. ಆ ಮಳೆಗಾಲವಿಡೀ ಮೋಹನವನ್ನೇ ಕೇಳಿದೆ. ಅಡುಗೆ ಮಾಡುವಾಗ ಕೃತಿಗಳನ್ನು, ಸಂಜೆ ಅದೇ ಸ್ವರಗಳ ಹಿಂದೂಸ್ತಾನಿಯವರ ಭೂಪ್ ರಾಗವನ್ನು, ಅದೂ ಸಾಕಾದರೆ ಯಕ್ಷಗಾನದ ಪದ್ಯಗಳನ್ನು, ಹಳೆಯ ಚಿತ್ರಗೀತೆಗಳನ್ನು. ಕಲಿಯುವ ಉದ್ದೇಶವಿಲ್ಲದೆ ಸುಮ್ಮನೆ ಕೇಳಿದ್ದು ಅಷ್ಟೆ. ಮತ್ತೆ ವರ್ಣಕ್ಕೆ ಕುಳಿತಾಗ ಅದರ ಸಂಚಾರಗಳು ಸಂತೆಯಲ್ಲಿ ಗುರುತಿನವರು ಎದುರಾದಂತೆ ಒಂದೊಂದಾಗಿ ಎದುರಾದವು. ಕಲಿಯುವವರು ಹಾಡುವಷ್ಟು ಹೊತ್ತನ್ನೂ ಕೇಳುವುದಕ್ಕೆ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯವರಿಗೇ ಅನ್ವಯಿಸುವ ಇನ್ನೊಂದು ಮಾತು. ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿರುವಾಗ ತಂಬೂರಿಯ ನಾದವೇ ಕೇಳಿಸುವುದಿಲ್ಲ, ಆ ಸದ್ದನ್ನು ಮೀರಿ ಹಾಡಹೋದರೆ ಗಂಟಲು ಕೆಡುತ್ತದೆ. ಅಂಥ ಸಂಜೆಗಳಲ್ಲಿ ತಾಳ ಹಾಕಿಕೊಂಡು ಸಾಹಿತ್ಯವನ್ನು ಹೇಳಿಕೊಳ್ಳುವುದಷ್ಟೇ ಸಾಕು.

ಸಾಗರದಿಂದ, ಮನೆಯಲ್ಲಿ ಸಂಗೀತ ಪಾಠ ಹೇಳುವವರು

ಶ್ರುತಿಯ ವಿಷಯದಲ್ಲಿ ತೀರ್ಥಹಳ್ಳಿಯ ಸೋದರಿಯವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಪಾಠ ಹೇಳುವವನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಸರಳೆ, ಜಂಟಿಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಆರಂಭಿಸುವ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಅವರು ತೀರ್ಥಹಳ್ಳಿ ಕಡೆಯ ಆರಗದವರೆಂದು ಕೆಲವು ವಿದ್ವಾಂಸರ ವಾದವಿದೆ. ಜಿಲ್ಲೆಯ ಮೇಲಿನ ಅಭಿಮಾನಕ್ಕಾಗಿಯಾದರೂ ನಾನು ಆ ಪಕ್ಷದವನು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಅಭ್ಯಾಸದ ಪಾಠಗಳನ್ನು ಕಟ್ಟಿದರೆಂದು ನಾವು ಯಾರನ್ನು ನೆನೆಯುತ್ತೇವೆಯೋ, ಊರವರೆಲ್ಲ ಬಾಯಿಬಿಟ್ಟು ಹಾಡುವ ದೇವರನಾಮಗಳನ್ನು ಕೊಟ್ಟವರೂ ಅವರೇ. ಮೊದಲನೆಯದು ಪಾಠಕ್ಕೆ, ಎರಡನೆಯದು ಹಬ್ಬಕ್ಕೆ ಎಂದು ಬೇರೆ ಮಾಡಿದವರು ನಾವು. ಕಲಿಯುವವರು ಅಭ್ಯಾಸವನ್ನು ಮೊದಲು ಮುಗಿಸಿ, ಇಷ್ಟದ ಹಾಡನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೊನೆಗೆ ಬರುವ ಹೊತ್ತಿಗೆ ಕುಕ್ಕರ್ ಕೂಗಿರುತ್ತದೆ ಅಥವಾ ಕರೆಂಟ್ ಹೋಗಿರುತ್ತದೆ. ನನ್ನಲ್ಲಿ ಬರುವ ದೊಡ್ಡವರಿಗೆ ಈ ಕ್ರಮವನ್ನು ತಿರುಗಿಸಲು ಹೇಳುತ್ತೇನೆ. ಕಂಠವನ್ನು ಮಂದ್ರದಲ್ಲಿ ಸ್ವಲ್ಪ ಹದಮಾಡಿಕೊಂಡು, ಚೆನ್ನಾಗಿ ಬರುವ ಒಂದು ಹಾಡನ್ನು ಮೊದಲು ಪೂರ್ತಿಯಾಗಿ ಹಾಡಿ, ಆಮೇಲೆ ಪಾಠಕ್ಕೆ ಹೋಗಬೇಕು.

ಹಾಗೆಂದು ಸರಳೆಯನ್ನು ಬಿಟ್ಟುಬಿಡಿ ಎಂದು ಹೇಳಲಾರೆ. ಮಾಯಾಮಾಳವಗೌಳವು 15ನೆಯ ಮೇಳ, ಅಂದರೆ ಮೂಲರಾಗ. ಅದರಲ್ಲಿ ಷಡ್ಜಕ್ಕೆ ಅಂಟಿಕೊಂಡಂತೆ ಶುದ್ಧ ರಿಷಭ, ಅಲ್ಲಿಂದ ದೂರದಲ್ಲಿ ಅಂತರ ಗಾಂಧಾರ, ಅದರ ಮಗ್ಗುಲಲ್ಲಿಯೇ ಮಧ್ಯಮ ಇವೆ. ಪಂಚಮದಿಂದ ಮೇಲೂ ಇದೇ ಅಂತರಗಳು ಮತ್ತೆ ಬರುತ್ತವೆ. ಸ್ವರಸ್ಥಾನ ಗುರುತಿಸುವುದಕ್ಕೆ ಇದು ಅನುಕೂಲವಾಗಿದೆ. ಆದರೆ ವರ್ಷಗಟ್ಟಲೆ ಅದೇ ಹಾದಿಯಲ್ಲಿ ನಡೆದ ಕಂಠ, ಮನಸ್ಸನ್ನು ಕೇಳದೆಯೇ ಹಾಡಿಬಿಡುತ್ತದೆ, ಮನಸ್ಸು ಗಡಿಯಾರದ ಕಡೆಗೆ ಹೋಗುತ್ತದೆ. ಅದೇ ಸರಳೆ, ಜಂಟಿ ವರಿಸೆಗಳನ್ನು ಒಂದು ವಾರ 29ನೆಯ ಮೇಳವಾದ ಶಂಕರಾಭರಣದಲ್ಲಿ, ಇನ್ನೊಂದು ವಾರ 65ನೆಯದಾದ ಕಲ್ಯಾಣಿಯಲ್ಲಿ, ಆಮೇಲೆ 22ನೆಯದಾದ ಖರಹರಪ್ರಿಯದಲ್ಲಿ ಹಾಡಿ ನೋಡಿ. ಸ್ವರಗಳ ಹೆಸರು ಬದಲಾಗುವುದಿಲ್ಲ, ಸ್ಥಾನಗಳು ಬದಲಾಗುತ್ತವೆ. ಕಿವಿಗೊಡದೆ ಹಾಡಲು ಆಗುವುದೇ ಇಲ್ಲ. ಶಂಕರಾಭರಣಕ್ಕೂ ಕಲ್ಯಾಣಿಗೂ ಇರುವ ವ್ಯತ್ಯಾಸ ಮಧ್ಯಮವೊಂದೇ, ಅದೊಂದು ಬದಲಾದರೆ ರಾಗದ ಮುಖವೇ ಬದಲಾಗುವುದನ್ನು ಗಣಿತದವರಾದ ತಾವು ಬಹುಶಃ ನನಗಿಂತ ಚೆನ್ನಾಗಿ ಸವಿಯುತ್ತೀರಿ.

ಅಭ್ಯಾಸದ ಅವಧಿಯನ್ನು ಹೆಚ್ಚಿಸಿದರೆ ಆಸಕ್ತಿ ಮರಳುತ್ತದೆಂದು ಹಲವರು ಸಲಹೆ ಕೊಡುತ್ತಾರೆ. ನನ್ನ ಶಿಷ್ಯರಲ್ಲಿ ಹಾಗಾದದ್ದನ್ನು ನಾನು ಕಂಡಿಲ್ಲ. ಹದಿನೈದು ನಿಮಿಷ ಕುಳಿತು, ಇನ್ನೂ ಸ್ವಲ್ಪ ಹಾಡಬೇಕೆನ್ನಿಸುವಾಗಲೇ ಎದ್ದವರು ಮರುದಿನ ತಾವಾಗಿಯೇ ಬಂದು ಕೂರುತ್ತಾರೆ. ಉತ್ಸಾಹ ಬಂದ ಮೇಲೆ ಕೂರುತ್ತೇನೆ ಎಂದು ಕಾಯುವುದೂ ಬೇಡ. ಅದು ಸಾಮಾನ್ಯವಾಗಿ ಕುಳಿತು ನಾಲ್ಕು ಸಾಲು ಹಾಡಿದ ಮೇಲೆಯೇ ಬರುತ್ತದೆ. ಇನ್ನು ಸೀನಿಯರ್, ವಿದ್ವತ್ ಪರೀಕ್ಷೆಗಳು, ಅವುಗಳಿಂದ ಕೆಲಸವೋ ಬಡ್ತಿಯೋ ಆಗಬೇಕಾದವರು ಬರೆಯಲಿ. ತಮಗೆ ಅದರ ಅಗತ್ಯವಿಲ್ಲದಿದ್ದರೆ ಆ ಪಠ್ಯಕ್ರಮದ ವೇಗಕ್ಕೆ ಸಿಕ್ಕಿಕೊಳ್ಳಬೇಡಿ.

ಶಿವಮೊಗ್ಗ ತಾಲ್ಲೂಕಿನಿಂದ, ನಿವೃತ್ತರು, ಗಮಕ (ಕಾವ್ಯವಾಚನದ ಕಲೆ) ಕಲಿಯುತ್ತಿರುವವರು

ನನಗೂ ವರ್ಣದ ಹಂತದಲ್ಲಿಯೇ ಸಂಗೀತ ಬೇಸರವಾಗಿತ್ತು. ಅಲ್ಲಿಂದ ನಾನು ಹೋದದ್ದು ಗಮಕಕ್ಕೆ. ತುಂಗೆಯ ದಡದ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು; ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮಲ್ಲಿ ಅನೇಕರು ಗಮಕದ ಕಡೆಗೆ ಮತ್ತೆ ಕಣ್ಣು ಹಾಯಿಸಿದರು.

ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗದಲ್ಲಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಂಡರೆ, ಮೂರು ಮತ್ತು ನಾಲ್ಕು ಮಾತ್ರೆಗಳ ನಡೆ ಪದ್ಯದೊಳಗೇ ಇದೆ. ವಾಚಿಸುವವರು ಕೈಯಲ್ಲಿ ತಾಳ ಎಣಿಸುತ್ತಾ ಕೂರಬೇಕಾಗಿಲ್ಲ. ಪದ್ಯದ ಅರ್ಥ ಕೇಳುವವರಿಗೆ ತಲುಪಬೇಕು, ಅದಕ್ಕೆ ಒಪ್ಪುವ ರಾಗವನ್ನು ಆರಿಸಿಕೊಳ್ಳಬೇಕು. ಯುದ್ಧದ ಪದ್ಯಕ್ಕೆ ಒಂದು, ಶೋಕಕ್ಕೆ ಇನ್ನೊಂದು. ಮಾತಿನ ಕಡೆಗೆ ಗಮನ ಹೋದಾಗ ನನ್ನ ದನಿ ಹೇಗಿದೆಯೆಂಬ ಚಿಂತೆ ತಾನಾಗಿಯೇ ಹಿಂದೆ ಸರಿಯಿತು, ದನಿಯೂ ಸಡಿಲವಾಯಿತು.

ತಾವೂ ಗಮಕಕ್ಕೇ ಬರಬೇಕೆಂದು ಹೇಳುತ್ತಿಲ್ಲ. ಆದರೆ ನಾವು ಕಲಿಯುವ ವರ್ಣಗಳಲ್ಲಿ ಬಹುಪಾಲು ತೆಲುಗಿನವು, ಏನು ಹಾಡುತ್ತಿದ್ದೇವೆಂದು ತಿಳಿಯದೆಯೇ ತಿಂಗಳುಗಟ್ಟಲೆ ಹಾಡುತ್ತೇವೆ. ಪ್ರತಿ ಪದದ ಅರ್ಥವನ್ನು ಗುರುಗಳಿಂದ ಕೇಳಿ ಬರೆದುಕೊಳ್ಳಿ. ಜೊತೆಗೆ ವಾರಕ್ಕೊಂದು ಕನ್ನಡ ಪದ್ಯವನ್ನು, ಮೊದಲು ಗಟ್ಟಿಯಾಗಿ ಓದಿ, ಆಮೇಲೆ ತಮಗೆ ತಿಳಿದಿರುವ ಯಾವುದೇ ರಾಗದಲ್ಲಿ ಹೇಳಿ ನೋಡಿ. ಅದನ್ನು ತಿದ್ದುವವರು ಯಾರೂ ಇರುವುದಿಲ್ಲ.

ಹೊಸನಗರದಿಂದ, ಅಡಿಕೆ ಬೆಳೆಗಾರರು

ನಾನು ಕ್ರಮವಾಗಿ ಸಂಗೀತ ಕಲಿತದ್ದು ಸ್ವಲ್ಪವೇ. ನಮ್ಮ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತಾರೆ. ಮುಂದಿನವರು ಹೇಳಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ, ಬೆಳಗಿನವರೆಗೆ ಹಾಡಿದರೂ ಯಾರಿಗೂ ಬೇಸರ ಬಂದದ್ದನ್ನು ನಾನು ನೋಡಿಲ್ಲ. ಅವರಲ್ಲಿ ಬಹಳ ಮಂದಿಯನ್ನು ಬೇರೆ ದಿನ ಒಬ್ಬೊಬ್ಬರನ್ನಾಗಿ ಕೂರಿಸಿ ಹಾಡಿ ಎಂದರೆ ಬಾಯಿ ತೆರೆಯುವುದಿಲ್ಲ. ಆದ್ದರಿಂದ ತಾವು ಹತ್ತಿರದ ಭಜನಾ ಮಂಡಳಿಗೆ ಸೇರಿಕೊಳ್ಳಿ ಎಂದು ನನ್ನ ಸಲಹೆ. ಗುಂಪಿನಲ್ಲಿ ಹಾಡಿದರೆ ಶ್ರುತಿ ಕೆಡುತ್ತದೆಂದು ಕೆಲವು ಗುರುಗಳು ಅಂಜುತ್ತಾರೆ. ಒಂಟಿಯಾಗಿ ಕುಳಿತು ಹಾಡುವುದನ್ನೇ ನಿಲ್ಲಿಸುವುದಕ್ಕಿಂತ ಅದು ಮೇಲಲ್ಲವೇ?

ಶಿವಮೊಗ್ಗದಿಂದ, ವಾಕ್ ಚಿಕಿತ್ಸಕರು

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳುತ್ತೇನೆ. ತಮ್ಮದು ಮನಸ್ಸಿನ ಬೇಸರವೋ, ಗಂಟಲಿನ ಆಯಾಸವೋ? ಶಿಕ್ಷಕರು ದಿನವಿಡೀ ಎತ್ತರದ ದನಿಯಲ್ಲಿ ಮಾತನಾಡುವುದರಿಂದ ಧ್ವನಿಯ ತೊಂದರೆಗಳು ಅವರಲ್ಲಿ ಇತರರಿಗಿಂತ ಹೆಚ್ಚು. ಶಾಲೆ ಮುಗಿಸಿ ಬಂದು ಸಂಜೆ ಹಾಡಲು ಕುಳಿತಾಗ, ದಣಿದ ಧ್ವನಿತಂತುಗಳಿಗೆ ಇನ್ನಷ್ಟು ಕೆಲಸ ಕೊಟ್ಟಂತಾಗುತ್ತದೆ, ಸ್ವರ ನಿಲ್ಲುವುದಿಲ್ಲ, ನಿಲ್ಲದ್ದರಿಂದ ಬೇಸರವಾಗುತ್ತದೆ. ಕೆಲವು ವಾರ ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿ ನೋಡಿ, ರಜೆಯ ದಿನ ಹಾಡಿದಾಗ ಹೇಗಿರುತ್ತದೆಂಬುದನ್ನೂ ಹೋಲಿಸಿ ನೋಡಿ. ತರಗತಿಗೆ ನೀರಿನ ಬಾಟಲಿ ಒಯ್ಯಿರಿ. ಆಗಾಗ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವಿದ್ದರೆ ಅದರ ಬದಲು ಒಂದು ಗುಟುಕು ನೀರು ನುಂಗಿ. ದನಿ ಕೆಟ್ಟಾಗ ಪಿಸುಮಾತಿನಲ್ಲಿ ಮಾತನಾಡುವುದೂ ವಿಶ್ರಾಂತಿಯಲ್ಲ, ಅದರಿಂದ ಶ್ರಮ ಹೆಚ್ಚಾಗಬಹುದು. ದನಿ ಒಡೆಯುವುದು, ಮೇಲಿನ ಸ್ವರಗಳಲ್ಲಿ ಬರಿಯ ಗಾಳಿ ಹೋಗುವುದು ಮೂರು ವಾರ ದಾಟಿಯೂ ಮುಂದುವರಿದರೆ ಕಿವಿ, ಮೂಗು, ಗಂಟಲಿನ ತಜ್ಞರಲ್ಲಿ ಧ್ವನಿಪೆಟ್ಟಿಗೆಯನ್ನು ಪರೀಕ್ಷೆ ಮಾಡಿಸಬೇಕು.

ಶಿವಮೊಗ್ಗದಿಂದ, ವಕೀಲರು, ಸುಗಮ ಸಂಗೀತ ಹಾಡುವವರು

ನಮ್ಮ ಊರಿನ ಹೆಸರನ್ನೇ ಹೊತ್ತಿದ್ದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರು. ಬೇರೆ ಕೆಲಸವಿಟ್ಟುಕೊಂಡು ಹಾಡುವವರೆಲ್ಲ ಅರ್ಧಮರ್ಧದವರೆಂಬ ಭಾವನೆಯನ್ನು ತಾವು ಇಟ್ಟುಕೊಳ್ಳಬೇಕಾಗಿಲ್ಲ ಎಂದು ಹೇಳುವುದಕ್ಕಾಗಿ ಇದನ್ನು ನೆನೆದೆ.

ನನಗೆ ಉಪಯೋಗವಾದದ್ದು ಮೊಬೈಲಿನಲ್ಲಿ ಹಾಡಿ ಮುದ್ರಿಸಿಕೊಳ್ಳುವುದು. ಮೊದಮೊದಲು ಅದು ನನ್ನ ದನಿಯೇ ಅಲ್ಲವೆನ್ನಿಸುತ್ತಿತ್ತು. ಹಾಡುವಾಗ ನಮ್ಮ ದನಿ ನಮಗೆ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳಿಸುವುದರಿಂದ ಹೆಚ್ಚು ಗಂಭೀರವಾಗಿರುತ್ತದೆ; ಮುದ್ರಣದಲ್ಲಿ ಆ ಭಾಗ ಇರುವುದಿಲ್ಲ. ಇದು ತಿಳಿದ ಮೇಲೆ ಅಸಹ್ಯ ಕಡಿಮೆಯಾಯಿತು, ಹಳೆಯ ಮುದ್ರಣಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಕೇಳಿಸತೊಡಗಿತು.

ಸಾಗರದಿಂದ, ಮತ್ತೆ ಅದೇ ಸಂಗೀತ ಪಾಠದವರು

ವಕೀಲರು ಹೇಳಿದ ಮುದ್ರಣ ಒಳ್ಳೆಯದೇ, ಆದರೆ ಬೇಸರದಲ್ಲಿರುವವರು ದಿನವೂ ಮಾಡಬಾರದು. ಹಾಡಿದ ಕೂಡಲೇ ಕೇಳಿದರೆ ದೋಷಗಳೇ ಕಿವಿಗೆ ಬೀಳುತ್ತವೆ. ತಿಂಗಳಿಗೊಮ್ಮೆ, ಒಂದೇ ಹಾಡನ್ನು ಮುದ್ರಿಸಿಟ್ಟುಕೊಂಡರೆ ಸಾಕು.

ಗುರುಗಳ ಬಳಿ ಇದನ್ನೆಲ್ಲ ಹೇಗೆ ಹೇಳುವುದೆಂಬ ಸಂಕೋಚ ತಮಗೆ ಇರಬಹುದು. ಪಾಠಕ್ಕೆ ಬಾರದೆ ಇರುವ ಶಿಷ್ಯರಿಗಿಂತ ಬಂದು ಹೇಳುವ ಶಿಷ್ಯರು ನಮಗೆ ಎಷ್ಟೋ ಮೇಲು, ಕಾರಣ ತಿಳಿಯದೆ ನಾವೂ ನಮ್ಮ ಪಾಠದ ಬಗ್ಗೆ ಏನೇನೋ ಊಹಿಸಿಕೊಳ್ಳುತ್ತಿರುತ್ತೇವೆ. ಆಸಕ್ತಿ ಹೋಗಿದೆ ಎಂದು ಒಟ್ಟಾರೆಯಾಗಿ ಹೇಳಿದರೆ ಗುರುಗಳಿಗೆ ಮಾಡಲು ಏನೂ ಉಳಿಯುವುದಿಲ್ಲ. ವರ್ಣದ ಮುಕ್ತಾಯಿಸ್ವರದವರೆಗೆ ಬಂದಿದ್ದೇನೆ, ಚರಣವನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಿ ಅದೇ ರಾಗದಲ್ಲಿ ಒಂದು ದೇವರನಾಮ ಹೇಳಿಕೊಡುತ್ತೀರಾ, ಶ್ರುತಿಯನ್ನು ಒಮ್ಮೆ ನೋಡುತ್ತೀರಾ ಎಂದು ಕೇಳಿ. ಪಾಠ ಶುರುವಾಗುವ ಮೊದಲೇ, ಬೇರೆ ಶಿಷ್ಯರು ಬರುವುದರೊಳಗೆ ಕೇಳಿದರೆ ಇಬ್ಬರಿಗೂ ಅನುಕೂಲ.