ಸಹಾಯ ಬೇಕು: ಮೂಲನಿವಾಸಿಗಳ ನೆಲ ಮತ್ತು ಕಥೋಲಿಕ ಧರ್ಮಸಭೆಯ ಬೋಧನೆ

ಮಾನ್ಯರೇ, ಮೂಲನಿವಾಸಿಗಳ ಭೂಹಕ್ಕಿನ ಬಗ್ಗೆ ಕಥೋಲಿಕ ಧರ್ಮಸಭೆಯ ನಿಲುವನ್ನು ಕುರಿತು ಅಧ್ಯಯನ ಕೂಟವೊಂದಕ್ಕೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದು, ಬಲ್ಲವರ ನೆರವು ಬೇಕಾಗಿದೆ. ಪರಿಸರ ಕುರಿತ 2015ರ ‘ಲೌದಾತೊ ಸಿ’ ವಿಶ್ವಪತ್ರದ (ಪೋಪರು ಇಡೀ ಧರ್ಮಸಭೆಗೆ ಬರೆಯುವ ಪತ್ರ) 146ನೆಯ ಪರಿಚ್ಛೇದದಲ್ಲಿ ಪೋಪ್ ಫ್ರಾನ್ಸಿಸ್ ಅವರು, ಮೂಲನಿವಾಸಿಗಳ ಪಾಲಿಗೆ ಭೂಮಿ ಮಾರಾಟದ ಸರಕಲ್ಲ, ದೇವರಿಂದಲೂ ಅದೇ ಮಣ್ಣಿನಲ್ಲಿ ವಿಶ್ರಮಿಸುತ್ತಿರುವ ಪೂರ್ವಿಕರಿಂದಲೂ ಬಂದ ಕೊಡುಗೆ ಎಂದಿದ್ದಾರೆ. ತಮ್ಮ ನೆಲದಲ್ಲೇ ಉಳಿದಾಗ ಅದನ್ನು ಅತ್ಯಂತ ಚೆನ್ನಾಗಿ ಕಾಯುವವರೂ ಅವರೇ ಎಂದು ಹೇಳಿ, ಗಣಿಗಾರಿಕೆ ಮತ್ತು ಕೃಷಿ ಯೋಜನೆಗಳಿಗಾಗಿ ಅವರನ್ನು ಒಕ್ಕಲೆಬ್ಬಿಸಲು ನಡೆಯುವ ಒತ್ತಡವನ್ನೂ ಅಲ್ಲಿಯೇ ಪ್ರಸ್ತಾಪಿಸಿದ್ದಾರೆ. ಪರಿಸರ ಮತ್ತು ಸಾಮಾಜಿಕ ನ್ಯಾಯ ಒಂದೇ ಪ್ರಶ್ನೆ ಎಂಬುದು ನನಗೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಆದರೆ ಹದಿನೈದನೆಯ ಶತಮಾನದಲ್ಲಿ, ವಿಶೇಷವಾಗಿ 1452, 1455 ಮತ್ತು 1493ರಲ್ಲಿ ಹೊರಟ ಪೋಪರ ಆಜ್ಞಾಪತ್ರಗಳೇ ವಸಾಹತುಶಾಹಿಯ ನೆಲಗಳ್ಳತನಕ್ಕೆ ಆಸರೆಯಾಗಿದ್ದವು. ಅವುಗಳೊಂದಿಗೆ ತಳುಕುಹಾಕಿಕೊಂಡ ‘ಅನ್ವೇಷಣೆಯ ಸಿದ್ಧಾಂತ’ವನ್ನು, ಅಂದರೆ ಕ್ರೈಸ್ತೇತರರ ನೆಲವನ್ನು ‘ಕಂಡುಹಿಡಿದ’ ಕ್ರೈಸ್ತ ರಾಜ್ಯಗಳಿಗೆ ಅದರ ಒಡೆತನ ಸಲ್ಲುತ್ತದೆ ಎಂಬ ವಾದವನ್ನು, ವ್ಯಾಟಿಕನ್ ತಿರಸ್ಕರಿಸಿದ್ದು 2023ರ ಮಾರ್ಚ್ 30ರಂದು, ಬಹಳ ತಡವಾಗಿ.

ಈ ತಿರಸ್ಕಾರದ ನಂತರ ಯಾವುದಾದರೂ ಧರ್ಮಪ್ರಾಂತ್ಯ ಅಥವಾ ಸನ್ಯಾಸಿನಿಯರ ಸಭೆ ತನ್ನ ಒಡೆತನದ ನೆಲವನ್ನು ಮೂಲನಿವಾಸಿಗಳಿಗೆ ಮರಳಿಸಿದ್ದರೆ, ಅದರ ಷರತ್ತುಗಳೇನಿದ್ದವು, ನಿರ್ಧಾರದಲ್ಲಿ ಆ ಸಮುದಾಯದ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂಬುದನ್ನು ದಯವಿಟ್ಟು ತಿಳಿಸಿ. 2019ರ ಅಮೆಜಾನ್ ಸಿನೋದಿನ (ಅಮೆಜಾನ್ ಪ್ರದೇಶವನ್ನು ಕುರಿತ ಬಿಷಪರ ಸಭೆ) ಬಗ್ಗೆ ಕನ್ನಡದಲ್ಲಿ ಓದಲು ಸಿಗುವ ಬರಹಗಳಿದ್ದರೆ ಅವನ್ನೂ ಸೂಚಿಸಬೇಕೆಂದು ಕೋರುತ್ತೇನೆ.