ಎರಡು ಹೂವು ಕೂಡಿಸಿ ಒಂದು ಹೆಸರು ಬೇಕ್ರಿ, ‘ಸು’ ಇಲ್ಲಾ ‘ಸ’ದಿಂದ

ಧಾರವಾಡದ_ಸೋದರತ್ತಿ:
ನಮ್ಮ ತಮ್ಮಗ ಹೆಣ್ಣುಕೂಸು ಹುಟ್ಟೇದ. ಶತಭಿಷ ನಕ್ಷತ್ರ, ನಾಕನೇ ಪಾದ, ಹಿಂಗಾಗಿ ‘ಸು’ ಬರ್ತದ. ‘ಸ’ ಆದ್ರೂ ನಡೀತದ ಅಂತ ಆಚಾರ್ರು ಸ್ವಲ್ಪ ಸಡ್ಲ ಬಿಟ್ಟಾರ. ಗಂಡ-ಹೆಂಡತಿ ಇಬ್ರೂ ಬೆಂಗಳೂರಾಗ ಇರ್ತಾರ. ಹೂವಿನ ಹೆಸರೇ ಬೇಕು, ಆದ್ರ ಸಾಲ್ಯಾಗ ಅದೇ ಹೆಸರಿಂದು ಇನ್ನೊಂದು ಹುಡುಗಿ ಇರಬಾರದು ಅಂತಾರ. ಅದಕ್ಕ ಎರಡು ಹೂವು ಕೂಡಿಸಿ ಹೊಸಾದು ಕಟ್ಟಾಕ ಹತ್ಯಾರ. ರಾತ್ರಿ ಹನ್ನೊಂದಕ್ಕ ವಾಟ್ಸಾಪಿಗೆ ಒಂದೊಂದು ಹೆಸರು ಬೀಳ್ತದ.

ಇಲ್ಲೀತನಕ ಬಂದದ್ದು ಇವು. ಸಂಪಿಗಿ, ಮಲ್ಲಿಗಿ ಕೂಡಿಸಿ ‘ಸಂಪಲ್ಲಿ’. ಸುರಗಿ, ಪಾರಿಜಾತ ಕೂಡಿಸಿ ‘ಸುರಜಾತಾ’. ಸಂಪಿಗಿಗೂ ಅದೇ ಪಾರಿಜಾತ ಜೋಡಿಸಿ ‘ಸಂಪಿಜಾತಾ’. ಸುಮ, ಮಾಲತಿ ಕೂಡಿಸಿ ‘ಸುಮಾಲತಿ’; ಮಾಲತಿ ನಮ್ಮವ್ವನ ಹೆಸರೂ ಹೌದು.

ತೊಟ್ಟಿಲದಾಗ ಹಾಕೋ ಮುಂದ ‘ಗೋವಿಂದನ್ನ ತಗೋರಿ, ಗೋಪಾಲನ್ನ ಕೊಡ್ರಿ’ ಆದಮ್ಯಾಲೆ ಕೂಸಿನ ಕಿವ್ಯಾಗ ಕುರ್ರ್ ಅಂದು ಹೆಸರು ಹೇಳಾಕಿ ನಾನು, ಬೆನ್ನಿಗೆ ಗುದ್ದು ತಿನ್ನಾಕಿನೂ ನಾನೇ. ಹೇಳೋ ಹೆಸರು ನನ್ನ ಬಾಯಾಗ ಕೂಡಬೇಕೋ ಬ್ಯಾಡೋ? ನಮ್ಮವ್ವಂದು ಇನ್ನೂ ಕಟ್ಟುನಿಟ್ಟು. ಹಿತ್ತಲದಾಗ ನಿಂತು ಒಳಗಿನ ಹುಡುಗೀನ್ನ ಕರದಂಗ ಒಂದ್ಸಲ ಒದರಿ ನೋಡ್ತಾಳ. ‘ಸಂಪಿಜಾತಾ’ ಅಂತ ಒದರೋದ್ರಾಗ ದಮ್ಮು ಹತ್ತಿ, ‘ಬರೋದಿಲ್ಲ ಬಿಡ ಈ ಹುಡುಗಿ’ ಅಂದ್ಲು. ನಿಮ್ಮ ಅಭಿಪ್ರಾಯ ಖರೇನ ಹೇಳ್ರಿ, ಚಂದ ಅದ ಅಂತ ಸುಮ್ನ ಬರೀಬ್ಯಾಡ್ರಿ.

ರಾಜಾಜಿನಗರ_ನಿವಾಸಿ:
ಸಂಪಲ್ಲಿ ದಯವಿಟ್ಟು ಬೇಡ ಮೇಡಂ. ಬೆಂಗಳೂರಲ್ಲಿ ಬೆಳಗಾದ್ರೆ ಎಲ್ಲರ ಮನೇಲೂ ಒಂದೇ ಮಾತು, ‘ಸಂಪಲ್ಲಿ ನೀರಿದ್ಯಾ?’ ಪಾಪ, ಆ ಮಗು ಪ್ರತಿ ಸಲ ತಿರುಗಿ ನೋಡಬೇಕಾ? ಟ್ಯಾಂಕರ್‌ನವನು ಗೇಟ್ ಹತ್ರ ನಿಂತು ಇವಳ ಹೆಸರು ಕೂಗ್ತಾನೆ.

ಧಾರವಾಡದ_ಸೋದರತ್ತಿ:
ಅಯ್ಯ ಶಿವನ! ನಾವು ಅದಕ್ಕ ಟಾಕಿ ಅಂತೀವಿ, ಹಿಂಗಾಗಿ ತಲೀಗೇ ಬಂದಿರಲಿಲ್ಲ. ತಮ್ಮ ದಿನಾ ಸಂಪಿನ ಮುಚ್ಚಳ ತಗದು ನೋಡಾಂವ, ಅವಗರ ತಿಳೀಬೇಕಿತ್ತು. ಒಂದು ಹೋತು.

ಶಿರಸಿ_ಕಡೆಯವ:
ಸುರಗಿ ಅನ್ನುವ ಹೆಸರೇ ಇರುವಾಗ ಅದಕ್ಕೆ ಪಾರಿಜಾತದ ಬಾಲ ಯಾಕೆ? ಈ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ನಮ್ಮಲ್ಲಿ ಬೇಸಗೆ ಶುರುವಾಗುವ ಹೊತ್ತಿಗೆ ರೆಂಬೆಯ ಮೈಗೇ ಅಂಟಿಕೊಂಡು ಮೊಗ್ಗು ಬರುತ್ತದೆ, ತುದಿಯಲ್ಲಿ ಅಲ್ಲ. ಬಿಳಿ ಎಸಳು, ನಡುವೆ ಹಳದಿ ಕೇಸರದ ಗೊಂಚಲು. ಮರದ ಬುಡಕ್ಕೆ ಹೋದರೆ ಪರಿಮಳಕ್ಕಿಂತ ಮೊದಲು ಜೇನುಹುಳದ ಸದ್ದು ಕೇಳುತ್ತದೆ. ಅರಳುವ ಮುಂಚೆ ಕೊಯ್ದು ದಂಡೆ ಕಟ್ಟುತ್ತಾರೆ. ಮಲ್ಲಿಗೆ ಮರುದಿನಕ್ಕೆ ಕಂದುತ್ತದೆ; ಸುರಗಿ ಒಣಗಿದ ಮೇಲೂ ಬಟ್ಟೆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಪರಿಮಳ ಕೊಡುತ್ತದೆ. ಪಾರಿಜಾತ ಹಾಗಲ್ಲ, ರಾತ್ರಿ ಅರಳಿ ಬೆಳಗಿಗೆ ಉದುರಿರುತ್ತದೆ, ಹೊತ್ತೇರಿದರೆ ಕೈಗೆ ಸಿಗುವುದು ಕಿತ್ತಳೆ ತೊಟ್ಟಷ್ಟೇ. ಎರಡೂ ಒಳ್ಳೆಯವೇ, ಆದರೆ ಗುಣ ಹೊಂದುವುದಿಲ್ಲ. ಹೂವು ಕೂಡಿಸುವವರು ಬರೀ ಅಕ್ಷರ ಕೂಡಿಸುತ್ತಾರೆ, ಇದನ್ನು ಯೋಚಿಸುವುದಿಲ್ಲ.

ಧಾರವಾಡದ_ಸೋದರತ್ತಿ:
ನೀವು ಹೇಳಿದ್ದು ಓದಿ ಹೂವಿನ ಮ್ಯಾಲೆ ಜೀವ ಬಂತ್ರಿ. ಆದ್ರ ನಮ್ಮ ಕಡೆ ಸುರಗಿ ಅಂದ್ರ ಮದುವ್ಯಾಗ ನಾಕು ಮೂಲಿಗೆ ನಾಕು ತಂಬಿಗಿ ಇಟ್ಟು, ನೂಲು ಸುತ್ತಿ, ನಡುವ ಕೂಡಿಸಿ ನೀರು ಹಾಕೋ ಶಾಸ್ತ್ರ. ಕೂಸಿಗೆ ಆ ಹೆಸರಿಟ್ರ ನಮ್ಮವ್ವ ತೊಟ್ಟಿಲದಾಗೇ ‘ಲಗ್ನ ಯಾವಾಗ’ ಅಂತಾಳ. ಅದೂ ಅಲ್ಲದ ನಮ್ಮ ಕಾಕಾ ನಿಘಂಟು ತಗದು, ಸುರಗಿ ಅಂದ್ರ ಸಣ್ಣ ಕತ್ತಿನೂ ಹೌದು ಅಂತ ತೋರ್ಸಿದ. ಹುಡುಗಿ ಕೈಯಾಗ ಕತ್ತಿ ಇದ್ರ ಛಲೋನೇ, ಆದ್ರ ಮನ್ಯಾಗ ಒಪ್ಪೋದಿಲ್ಲ.

ನಿವೃತ್ತ_ಮೇಷ್ಟ್ರು_ಮೈಸೂರು:
ವ್ಯಾಕರಣದ ಮಾತು ಸ್ವಲ್ಪ, ಬೇಸರ ಮಾಡಿಕೊಳ್ಳಬೇಡಿ. ಸಂಪಿಗೆ ತದ್ಭವ, ಅದರ ಮೂಲ ಚಂಪಕ. ‘ಜಾತಾ’ ಅಪ್ಪಟ ಸಂಸ್ಕೃತ. ಅರ್ಧ ಸಂಪಿಗೆಗೆ ಸಂಸ್ಕೃತದ ತುಂಡು ಅಂಟಿಸಿದರೆ ಅರಿಸಮಾಸದ ಜಾತಿ. ಕೇಶಿರಾಜ 13ನೇ ಶತಮಾನದಲ್ಲೇ ಇದಕ್ಕೆ ಹುಬ್ಬು ಗಂಟಿಕ್ಕಿದ್ದಾನೆ. ಬಿರುದಾವಳಿಗೆ ಮಾತ್ರ ರಿಯಾಯಿತಿ ಉಂಟು. ಮೊಮ್ಮಗಳ ಹೆಸರು ಬಿರುದೇ ಅಂತ ಅಜ್ಜಿ ಒಪ್ಪಿದರೆ ನನ್ನದೇನೂ ತಕರಾರಿಲ್ಲ.

ಸುರಜಾತಾ ಕೇಳುವುದಕ್ಕೆ ಗಂಭೀರವಾಗಿದೆ, ಪಾರಿಜಾತ ಐದು ದೇವತರುಗಳಲ್ಲಿ ಒಂದು, ಹಾಗಾಗಿ ‘ಸುರ’ ಹೊಂದುತ್ತದೆ. ಆದರೆ ಸುರಕ್ಕೂ ಸುರಾಕ್ಕೂ ಒಂದು ದೀರ್ಘದ ಅಂತರ. ಇಂಗ್ಲಿಷಿನಲ್ಲಿ ಬರೆದಾಗ ಆ ದೀರ್ಘ ಕಾಣುವುದಿಲ್ಲ, ಮಗು ಹೆಂಡದಿಂದ ಹುಟ್ಟಿದವಳಾಗುತ್ತಾಳೆ.

ಸುಮಾಲತಿ ಒಂದೇ ನನಗೆ ಹಿಡಿಸಿದ್ದು. ಲೆಕ್ಕಕ್ಕೆ ‘ಸುಮಮಾಲತಿ’ ಆಗಬೇಕಿತ್ತು, ಎರಡು ಮಕಾರದಲ್ಲಿ ಒಂದು ಉದುರಿದೆ. ಗೊತ್ತಿಲ್ಲದವರು ‘ಸು’ ಸೇರಿದ ಮಾಲತಿ, ಅಂದರೆ ಒಳ್ಳೆಯ ಮಾಲತಿ ಅಂತ ಓದಿಕೊಳ್ಳುತ್ತಾರೆ. ಹೇಗೆ ಓದಿದರೂ ಕೆಡುವುದಿಲ್ಲ.

ಕುಡ್ಲ_ಲಿಲ್ಲಿ:
ಅಕ್ಕಾ, ನಮ್ಮಲ್ಲಿ ಈ ರೋಗ ಹಳೆಯದು ಮಾರಾಯ್ರೆ! ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಜಸಿಂತಾ ಬಾಯಿಗಳು ಎಷ್ಟು ಬೇಕಷ್ಟು ಸಿಗ್ತಾರೆ. ಅದು ಹಯಸಿಂತ್ ಹೂವಿನ ಹೆಸರು ಅಂತ ಅವರಲ್ಲಿ ಸುಮಾರು ಜನರಿಗೇ ಗೊತ್ತಿರುವುದಿಲ್ಲ. ನನಗೆ ಅಪ್ಪ ರೋಸ್, ಲಿಲ್ಲಿ ಎರಡೂ ಕಟ್ಟಿ ‘ರೋಸಿಲ್ಲಿ’ ಇಟ್ಟರು. ಶಾಲೆಯಲ್ಲಿ ಹಾಜರಿ ಕರೆದಾಗ ಹಿಂದಿನ ಬೆಂಚಿನಿಂದ ‘ರೋಸ್ ಇಲ್ಲಿ, ಲಿಲ್ಲಿ ಎಲ್ಲಿ?’ ಅಂತ. ದಿನಾ. ನನಗೆ ರೋಸಿಹೋಗಿತ್ತು. ಹೆಸರು ಖಾಯಂ ಮಾಡುವ ಮೊದಲು ಹತ್ತು ವರ್ಷದ ಒಬ್ಬ ಪೋಕರಿ ಹುಡುಗನ ಕೈಗೆ ಕೊಡಿ. ಅವನಿಗೆ ಏನೂ ಸಿಗದಿದ್ದರೆ ಇಡಿ.

ಕಲಬುರಗಿಯಿಂದ:
ನಮ್ಮ ಅಮ್ಮೀ ಹೆಸರು ಗುಲ್ನಾರ್. ಗುಲ್ ಅಂದ್ರ ಹೂವು, ನಾರ್ ಅಂದ್ರ ದಾಳಿಂಬ್ರಿ. ಎರಡು ಕೂಡಿಸ್ಯಾರ ಅಂತ ಯಾರಿಗೂ ಅನ್ಸಂಗಿಲ್ಲ, ಅಷ್ಟು ನುಣ್ಣಗ ಕೂಡೇದ. ನಿಮ್ಮ ಸುಮಾಲತಿನೂ ಹಂಗೇ ಕೇಳ್ತದ್ರಿ. ಒಂದೇ ಭಯ, ಆಫೀಸಿನ್ಯಾಗ ‘ಸುಮಲತಾ’ ಅಂತ ಬರದು ಕೊಡ್ತಾರ. ಗಡಿಬಿಡಿ ಮಾಡಬ್ಯಾಡ್ರಿ, ಜನನ ನೋಂದಣಿ ಹೆಸರಿಲ್ಲದಾನೂ ಆಗ್ತದ. 12 ತಿಂಗಳದೊಳಗ ಶುಲ್ಕ ಇಲ್ಲದ ಹೆಸರು ಸೇರಿಸಬಹುದು.

ಧಾರವಾಡದ_ಸೋದರತ್ತಿ:
ಎಲ್ಲಾರ್ದೂ ಓದಿದೆ. ಪೋಕರಿ ಹುಡುಗ ನಮ್ಮ ಮನ್ಯಾಗೇ ಇದ್ದಾನ, ನನ್ನ ಮಗ. ಸುರಜಾತಾಕ್ಕ ‘ಸುರಸುರಬತ್ತಿ’ ಅಂದ. ಸುಮಾಲತಿಗೆ ಬಾಳೊತ್ತು ವಿಚಾರ ಮಾಡಿ ‘ಮಾಲು’ ಅಂದ. ಅದು ಮಾತ್ರ ನನಗೂ ಚುಚ್ಚಿತು, ಕಾಲೇಜಿಗೆ ಹೋದ ಮ್ಯಾಲೆ ಆ ಮಾತಿನ ಅರ್ಥ ಬ್ಯಾರೆ ಆಗ್ತದ. ಅದಕ್ಕ ಮೊದಲನೇ ದಿನದಿಂದ ಎಲ್ಲಾರೂ ‘ಸುಮಿ’ ಅಂತನ ಕರೀಬೇಕು ಅಂತ ಕಟ್ಟಪ್ಪಣಿ ಮಾಡೇನಿ.

ನಮ್ಮವ್ವ ಹಿತ್ತಲದಾಗ ನಿಂತು ‘ಸುಮಾಲತೀ’ ಅಂತ ಒದರಿದ್ಲು. ಕಡೀ ‘ತೀ’ ಎಷ್ಟು ಬೇಕಾದ್ರೂ ಎಳೀಬಹುದು, ದಮ್ಮು ಹತ್ತೋದಿಲ್ಲ. ತನ್ನ ಹೆಸರು ಅದರಾಗ ಅದ ಅನ್ನೋದು ಬ್ಯಾರೆ ಖುಷಿ, ಬಾಯಿ ಬಿಟ್ಟು ಹೇಳಂಗಿಲ್ಲ ಅಷ್ಟೇ. ಬೀಗತಿಯವರು ತಮ್ಮ ಹೆಸರು ಎಲ್ಲಿ ಅಂತ ಕೇಳ್ಯಾರಂತ. ಅವರ ಹೆಸರು ಸುಮಿತ್ರಾ, ಸುಮಿ ಅಂದ್ರ ನೀವೇ ಅಂತ ಹೇಳಿ ಕಳ್ಸೇನಿ.

ಖರೇ ಮಾಡೀವಿ, ಗುಗ್ಗರಿಗೆ ಕಡ್ಲಿ ಹೇಳೇದ. ಇಂಗ್ಲಿಷಿನ್ಯಾಗ ‘ಮಾ’ಕ್ಕ ಒಂದು ಎ ಹಾಕಬೇಕೋ ಎರಡೋ ಅಂತ ಈಗ ತಮ್ಮಂದು, ಅವನ ಹೆಂಡತಿಂದು ಜಗಳ ನಡದದ. ಗೊತ್ತಿದ್ದವರು ಹೇಳ್ರಿ.